ಮಗಳು ಮೃದಂಗ ಕಲೀತೀನಿ ಅಂತಾಳೆ, ಮುಂದೆ ವೇದಿಕೆ ಸಿಗುತ್ತಾ?

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ಹಾಡುಗಾರಿಕೆ ಕಲಿಯುತ್ತಿದ್ದಳು. ಈಗ ಮೃದಂಗವೇ ಬೇಕು ಅಂತ ಹಟ ಹಿಡಿದಿದ್ದಾಳೆ. ನಮ್ಮತ್ತೆ "ಹೆಣ್ಣುಮಕ್ಕಳು ಚರ್ಮದ ವಾದ್ಯ ಮುಟ್ಟಬಾರದು, ಬೆರಳೆಲ್ಲ ಒರಟಾಗುತ್ತೆ" ಅಂತಾರೆ. ನಮ್ಮೂರಿನ ಮೃದಂಗದ ಮೇಷ್ಟ್ರು ಪಾಠಕ್ಕೆ ಒಪ್ಪಿದರು. ಆದರೆ "ಕಲಿಸ್ತೀನಮ್ಮ, ಕಛೇರಿಗೆ ಯಾರು ಕರೀತಾರೆ? ಸುಮ್ನೆ ವೀಣೆಗೆ ಸೇರಿಸಿ" ಅಂದರು. ಇದಕ್ಕೆ ನಿಜವಾಗಿ ಶಾಸ್ತ್ರದ ಅಡ್ಡಿ ಇದೆಯಾ? ಕೈಗೆ ತೊಂದರೆ ಆಗುತ್ತಾ? ಮುಂದೆ ವೇದಿಕೆ ಸಿಗುತ್ತಾ? ಶುರುವಿಗೆ ಹಳೇ ಮೃದಂಗ ಕೊಂಡರೆ ಸಾಕಾ?
– ಒಬ್ಬ ತಾಯಿ, ಹಾಸನ

ಉತ್ತರ:

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಕಲಿಸಿ. ಶಾಸ್ತ್ರದ ಅಡ್ಡಿ ಇಲ್ಲ, ಕೈಗೂ ತೊಂದರೆ ಇಲ್ಲ. ಅಡ್ಡಿ ಇರುವುದು ಒಂದೇ ಕಡೆ. ಸಂಗೀತ ಕಛೇರಿಯಲ್ಲಿ ಯಾರ ಪಕ್ಕ ಯಾರು ಕೂರಬೇಕು ಅಂತ ತೀರ್ಮಾನವಾಗುವ ಫೋನ್ ಮಾತುಕತೆಯಲ್ಲಿ. ನಿಮ್ಮ ಮೇಷ್ಟ್ರು ಹೇಳಿದ್ದು ಬೇಸರದ ಮಾತು, ಆದರೆ ಪೂರ್ತಿ ಸುಳ್ಳಲ್ಲ. ಅದಕ್ಕೆ ವೀಣೆ ಪರಿಹಾರ ಅಂದರಲ್ಲ, ಅದನ್ನು ಮಾತ್ರ ನಾನು ಒಪ್ಪಲ್ಲ.

ನಾನು ಮೃದಂಗ ನುಡಿಸುವವಳು, ಪಾಠ ಹೇಳುವವಳು. ನೀವು ಕೇಳಿದ ಪ್ರಶ್ನೆಗಳನ್ನು ನಮ್ಮಮ್ಮನೂ ಯಾರನ್ನೋ ಕೇಳಿರಬೇಕು. ಒಂದೊಂದಾಗಿ ನೋಡೋಣ.

ಶಾಸ್ತ್ರದ ವಿಷಯ. ಹೆಣ್ಣು ಮೃದಂಗ ಬಾರಿಸಬಾರದು ಅಂತ ಬರೆದಿರುವ ಸಂಗೀತಶಾಸ್ತ್ರದ ಗ್ರಂಥವನ್ನು ಇಲ್ಲಿಯವರೆಗೆ ನನಗೆ ಯಾರೂ ತೆರೆದು ತೋರಿಸಿಲ್ಲ. "ಹಾಗಂತ ಹೇಳ್ತಾರೆ" ಅನ್ನುವವರೇ ಜಾಸ್ತಿ. ನೀವು ಹಾಸನದವರು, ಬೇಲೂರು ಪಕ್ಕದಲ್ಲೇ ಇದೆ. ಅತ್ತೆಯವರನ್ನೂ ಮಗಳನ್ನೂ ಒಂದು ಭಾನುವಾರ ಕರೆದುಕೊಂಡು ಹೋಗಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ಗುಡಿ ಅದು. ಅಲ್ಲಿನ ಮದನಿಕೆಯರಲ್ಲಿ ಕನ್ನಡಿ ಹಿಡಿದವಳನ್ನು ಎಲ್ಲರೂ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ಅದೇ ಸಾಲಿನಲ್ಲಿ ಚರ್ಮವಾದ್ಯ ಬಾರಿಸುತ್ತ ಕುಣಿಯುವವಳೂ ಇದ್ದಾಳೆ. ತಲೆ ಎತ್ತಿ ಹುಡುಕಿ. ಗುಡಿ ಕಟ್ಟಿಸಿದ ರಾಜನಿಗೂ, ಕೆತ್ತಿದ ಶಿಲ್ಪಿಗೂ, ಪೂಜೆ ಮಾಡಿದ ಅರ್ಚಕರಿಗೂ ಅದು ಅಪಚಾರ ಅನ್ನಿಸಲಿಲ್ಲ ಅಲ್ವಾ?

ಅಜಂತಾದ ಒಂದನೇ ಗುಹೆಯ ಚಿತ್ರದಲ್ಲಿ ಕುಣಿಯುವವಳ ಸುತ್ತ ಕೊಳಲು, ತಾಳ, ಮದ್ದಳೆ ಹಿಡಿದಿರುವವರು ಹೆಂಗಸರು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಸ್ 16ನೇ ಶತಮಾನದಲ್ಲಿ ಅರಮನೆಯ ಒಳಗಿನ ಹೆಂಗಸರ ಬಗ್ಗೆ ಬರೆದಿದ್ದಾನೆ. ಅವರಲ್ಲಿ ಕತ್ತಿ ಗುರಾಣಿ ಹಿಡಿದವರಿದ್ದರು, ಕುಸ್ತಿ ಆಡುವವರಿದ್ದರು, ಕಹಳೆ ಊದುವವರಿದ್ದರು, ತರಹೇವಾರಿ ವಾದ್ಯ ನುಡಿಸುವವರೂ ಇದ್ದರು. ಕುಸ್ತಿ ಆಡಿದ ಕೈಗೆ ಮದ್ದಳೆ ಭಾರ ಅಂತ ಆಗ ಯಾರೂ ಅಂದಿರಲಿಕ್ಕಿಲ್ಲ.

ಹಾಗಾದರೆ ಈ "ಮುಟ್ಟಬಾರದು" ಎಲ್ಲಿಂದ ಬಂತು? ನಾನು ಓದಿ, ಹಿರಿಯರನ್ನು ಕೇಳಿ ಅರ್ಥ ಮಾಡಿಕೊಂಡಿದ್ದು ಹೀಗೆ. ನೂರಿಪ್ಪತ್ತು ವರ್ಷಗಳ ಹಿಂದೆ ದಕ್ಷಿಣದಲ್ಲಿ ನಾಲ್ಕು ಜನರ ಎದುರು ಹಾಡುವ, ನುಡಿಸುವ, ಕುಣಿಯುವ ಹೆಂಗಸರು ಹೆಚ್ಚಾಗಿ ದೇವದಾಸಿ ಮನೆತನಗಳವರು. ಮದರಾಸಿನಲ್ಲಿ ವೀಣೆ ಧನಮ್ಮಾಳ್ ಇದ್ದರು. ನಮ್ಮ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿ ಬೆಂಗಳೂರು ನಾಗರತ್ನಮ್ಮ ಅಂತ ಹೆಸರಾದವರು ಇದ್ದರು. ಆ ಮನೆಗಳಲ್ಲಿ ಹಾಡು, ನೃತ್ಯ, ಲಯ ಬೇರೆ ಬೇರೆ ವಿದ್ಯೆಗಳಾಗಿರಲಿಲ್ಲ. ಪುದುಕೋಟೆ ಕಡೆಯ ತಿರುಗೋಕರ್ಣಂ ರಂಗನಾಯಕಿ ಅಮ್ಮಾಳ್ ಮೃದಂಗವನ್ನೇ ಹಿಡಿದರು. ಕಲಿತದ್ದು ಪುದುಕೋಟೆ ದಕ್ಷಿಣಾಮೂರ್ತಿ ಪಿಳ್ಳೆಯವರ ಹತ್ತಿರ. ಮೃದಂಗ, ಖಂಜಿರ (ಕೈಯಲ್ಲಿ ಹಿಡಿದು ಬಾರಿಸುವ ಪುಟ್ಟ ಚರ್ಮವಾದ್ಯ) ಎರಡರಲ್ಲೂ ಆ ಕಾಲದ ದೊಡ್ಡ ಹೆಸರು ಅದು.

ಆಮೇಲೆ ಸುಧಾರಣೆಯ ಕಾಲ ಬಂತು. ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ಗುಡಿಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ಮದರಾಸಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ 1927ರಿಂದ ಹೋರಾಡಿದರು. 1947ರಲ್ಲಿ ಕಾಯ್ದೆ ಬಂತು. ಎಳೇ ಹುಡುಗಿಯರನ್ನು ಗುಡಿಗೆ ಬಿಡುವ ಪದ್ಧತಿ ಹೋಗಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಗರತ್ನಮ್ಮ ಮತ್ತು ಅವರ ಸಂಗಡಿಗರು ಆಗಲೇ ಒಂದು ಮಾತು ಹೇಳಿದ್ದರು: ನಮ್ಮ ಬದುಕಿನ ಜೊತೆ ನಮ್ಮ ವಿದ್ಯೆಗೂ ಕಳಂಕ ಹಚ್ಚಬೇಡಿ. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಮನೆಗಳ ಹೆಂಗಸರು ವೇದಿಕೆಯಿಂದ ಒಬ್ಬೊಬ್ಬರಾಗಿ ಇಳಿದರು. ಅದೇ ಹೊತ್ತಿಗೆ ಮೇಲ್ಜಾತಿ ಮನೆಗಳ ಹೆಣ್ಣುಮಕ್ಕಳು ಹತ್ತಿದರು. ಅವರು "ಮರ್ಯಾದಸ್ಥರು" ಅಂತ ತೋರಿಸಬೇಕಿತ್ತು. ಆದ್ದರಿಂದ ಹಾಡಿಕೆ ಪರವಾಗಿಲ್ಲ, ವೀಣೆ ಬಹಳ ಒಳ್ಳೆಯದು, ಪಿಟೀಲು ಆಗಬಹುದು ಅಂತಾಯಿತು. ಮೃದಂಗ, ಘಟ, ನಾಗಸ್ವರ ಹೊರಗೇ ಉಳಿದವು.

ಹಾಡುವವರಿಗೂ ದಾರಿ ಸಲೀಸಾಗಿರಲಿಲ್ಲ ಅನ್ನಿ. ಗಾಯಕಿ ಡಿ.ಕೆ. ಪಟ್ಟಮ್ಮಾಳ್ ಕಛೇರಿಯಲ್ಲಿ ಲಯದ ಲೆಕ್ಕ ಜಾಸ್ತಿ ಬೇಡುವ ರಾಗ-ತಾನ-ಪಲ್ಲವಿ ಹಾಡಿದಾಗ ಜನ ಹುಬ್ಬೇರಿಸಿದರು. ಅದು ಗಂಡಸರ ಲೆಕ್ಕಾಚಾರ ಅಂತ ಅಂದುಕೊಂಡಿದ್ದ ಕಾಲ. ಕೊನೆಗೆ ಅವರಿಗೆ "ಪಲ್ಲವಿ ಪಟ್ಟಮ್ಮಾಳ್" ಅಂತಲೇ ಹೆಸರು ಬಿತ್ತು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು ನಾಗರತ್ನಮ್ಮ. ಸ್ವಂತ ದುಡ್ಡು ಹಾಕಿ 1925ರ ಹೊತ್ತಿಗೆ ಮುಗಿಸಿದರು. ಆದರೂ ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ. ಕಟ್ಟಿಸಿದವರಿಗೇ ಜಾಗ ಇಲ್ಲ! ಅವರು ಸುಮ್ಮನೆ ಕೂರಲಿಲ್ಲ. ಹೆಂಗಸರದ್ದೇ ಒಂದು ಗುಂಪು ಕಟ್ಟಿ, ಬೇರೆಯಾಗಿ ಆರಾಧನೆ ನಡೆಸಿದರು. ಬೇರೆ ಬೇರೆ ಗುಂಪುಗಳೆಲ್ಲ ಒಂದಾಗಿ ಹೆಂಗಸರಿಗೂ ಜಾಗ ಸಿಕ್ಕಿದ್ದು 1940ರ ಹೊತ್ತಿಗೆ. ಈಗ ಪಂಚರತ್ನ ಕೃತಿ ಹಾಡಲು ಸಾಲಾಗಿ ಕೂರುವ ಹೆಂಗಸರನ್ನು ಟಿವಿಯಲ್ಲಿ ನೋಡುತ್ತೇವಲ್ಲ, ಅದರ ಹಿಂದೆ ಆ ಜಗಳ ಇದೆ.

ಇಷ್ಟು ಹಳೇ ಕಥೆ ಹೇಳಿದ್ದಕ್ಕೆ ಕಾರಣ ಇದೆ. ನಿಮ್ಮ ಮೇಷ್ಟ್ರು ಹೇಳಿದ "ವೀಣೆಗೆ ಸೇರಿಸಿ" ಅನ್ನುವುದು ಅನಾದಿ ಕಾಲದ ಮಾತಲ್ಲ. ಅದಕ್ಕೆ ನೂರು ವರ್ಷವೂ ಸರಿಯಾಗಿ ಆಗಿಲ್ಲ.

ಈಗ ಅತ್ತೆಯವರ ಮಾತು. ಚರ್ಮ.

ಇಲ್ಲಿ ಸ್ವಲ್ಪ ನಿಧಾನವಾಗಿ ಮಾತಾಡಬೇಕು. ಯಾಕೆಂದರೆ ಅವರು ಹೇಳುತ್ತಿರುವುದು ಬರೀ ಹೆಣ್ಣು-ಗಂಡಿನ ವಿಷಯ ಅಲ್ಲ. ಮೃದಂಗದ ಮೈ ಹಲಸಿನ ಮರದ್ದು. ಎರಡು ಮುಖಕ್ಕೆ ದನ, ಮೇಕೆಗಳ ಚರ್ಮ. ಬಿಗಿಯುವ ಬಾರು ಎಮ್ಮೆ ಚರ್ಮದ್ದು. ಬಲಗಡೆ ಮುಖದ ನಡುವಿನ ಕಪ್ಪು ವೃತ್ತಕ್ಕೆ ಕರಣೆ ಅನ್ನುತ್ತೇವೆ. ಕಪ್ಪು ಕಲ್ಲಿನ ಪುಡಿಯನ್ನು ಅನ್ನದ ಜೊತೆ ಅರೆದು, ಪದರ ಪದರವಾಗಿ ಹಚ್ಚಿ, ಪ್ರತಿ ಪದರವನ್ನೂ ಕಲ್ಲಿನಿಂದ ಉಜ್ಜಿ ಉಜ್ಜಿ ಅದನ್ನು ಕೂರಿಸುತ್ತಾರೆ. ಸಾಮಾನ್ಯ ಡೋಲಿನ ಸದ್ದಿಗೆ ಶ್ರುತಿ ನಿಲ್ಲುವುದಿಲ್ಲ, ಮೃದಂಗಕ್ಕೆ ನಿಲ್ಲುತ್ತದೆ. ಅದಕ್ಕೆ ಕಾರಣ ಈ ಕರಣೆ ಮತ್ತು ಚರ್ಮದ ಪದರಗಳೇ ಅಂತ ಸಿ.ವಿ. ರಾಮನ್ 1920ರಲ್ಲಿ ವಿಜ್ಞಾನದ ಭಾಷೆಯಲ್ಲಿ ವಿವರಿಸಿದರು. ಚರ್ಮದ ಕೆಲಸದವರಿಗೆ ಅದು ಕೈಯಲ್ಲೇ ಗೊತ್ತಿತ್ತು.

ಆ ಕೈಗಳು ಯಾರದ್ದು? ತಂಜಾವೂರು, ಮದರಾಸು ಕಡೆಯ ಪ್ರಸಿದ್ಧ ಮೃದಂಗ ತಯಾರಕರಲ್ಲಿ ಬಹಳ ಮಂದಿ ದಲಿತ ಕ್ರೈಸ್ತ ಮನೆತನಗಳವರು. ಮೃದಂಗ ವಿದ್ವಾಂಸ ಪಾಲ್ಘಾಟ್ ಮಣಿ ಅಯ್ಯರ್ ಅವರ ನಾದವನ್ನು ಇವತ್ತಿಗೂ ಕೊಂಡಾಡುತ್ತೇವೆ. ಅವರ ಮೃದಂಗಗಳನ್ನು ಸಿದ್ಧ ಮಾಡುತ್ತಿದ್ದ ಪರ್ಲಾಂದು ಅವರ ಹೆಸರು ಎಷ್ಟು ರಸಿಕರಿಗೆ ಗೊತ್ತು? ಈ ಕುಟುಂಬಗಳ ಬಗ್ಗೆ ಗಾಯಕ ಟಿ.ಎಂ. ಕೃಷ್ಣ 2020ರಲ್ಲಿ ಒಂದು ಪುಸ್ತಕ ತಂದರು. ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಅನ್ನುವ ಕಲಾಸಂಸ್ಥೆ ಮೊದಲು ಸಭಾಂಗಣ ಕೊಟ್ಟು, ಆಮೇಲೆ ಅನುಮತಿ ವಾಪಸ್ ಪಡೆಯಿತು. ಕೊನೆಗೆ ಕಾರ್ಯಕ್ರಮ ಬೇರೆ ಕಡೆ ನಡೆಯಿತು. ಚರ್ಮದ ಬಗ್ಗೆ, ಅದನ್ನು ಹದ ಮಾಡುವವರ ಬಗ್ಗೆ ಮಾತಾಡಿದರೆ ಈಗಲೂ ನಮ್ಮ ಸಂಗೀತಲೋಕಕ್ಕೆ ಕಸಿವಿಸಿ.

ಆಯುಧಪೂಜೆಯ ದಿನ ಮೃದಂಗಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದೆ ಇಡುತ್ತೇವೆ. ಗಂಡುಮಗ ನುಡಿಸಿದರೆ ನಂದಿಕೇಶ್ವರನ ವಾದ್ಯ ಅಂತೀವಿ. ಹೆಣ್ಣುಮಗಳು ಕೈ ಇಟ್ಟ ಕೂಡಲೇ ಅದು "ಚರ್ಮ" ಆಗಿಬಿಡುತ್ತಾ? ಮೈಲಿಗೆಯ ಲೆಕ್ಕ ಯಾವಾಗಲೂ ಹೀಗೇ, ಬೇಕಾದವರಿಗೆ ಬೇಕಾದಾಗ ಸಡಿಲ. ಇದನ್ನು ಅತ್ತೆಯವರ ಹತ್ತಿರ ಹೀಗೇ ಖಾರವಾಗಿ ಹೇಳಬೇಡಿ. "ಅಮ್ಮ, ನವರಾತ್ರಿಗೆ ಪೂಜೆ ಮಾಡೋ ವಸ್ತು, ಮಗು ಮುಟ್ಟಿದ್ರೆ ತಪ್ಪೇನು?" ಅಂತ ಕೇಳಿ ನೋಡಿ. ನನ್ನ ಅನುಭವದಲ್ಲಿ ಅಜ್ಜಿಯರು ಮೊಮ್ಮಗಳ ಮೊದಲ ಕಾರ್ಯಕ್ರಮಕ್ಕೆ ಮುಂದಿನ ಸಾಲಲ್ಲೇ ಕೂರುತ್ತಾರೆ. ಅಡ್ಡ ಬರುವವರು ಬೇರೆಯವರು, ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇನ್ನೊಂದು ಮಾತು. ಹೆಂಗಸರು ಚರ್ಮವಾದ್ಯ ಮುಟ್ಟಲ್ಲ ಅನ್ನುವುದು ಕರ್ನಾಟಕದ ಎಲ್ಲ ಮನೆಗಳ ಮಾತೂ ಅಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ. ಅಲ್ಲಿ ಚರ್ಮ ಬಿಗಿದ ಚೌಡಿಕೆ ಹಿಡಿದು ಹಾಡುವವರು ಜೋಗತಿಯರು. ಆ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀಯೂ ಬಂತು. ತೆಂಕುತಿಟ್ಟು ಯಕ್ಷಗಾನದಲ್ಲಿ ಲೀಲಾವತಿ ಬೈಪಾಡಿತ್ತಾಯರು ಭಾಗವತರಾಗಿ ಕೂತು, ಚೆಂಡೆ ಮದ್ದಳೆಯವರಿಗೆ ಜಾಗಟೆ ಹಿಡಿದು ಲಯ ಕೊಟ್ಟು, ರಾತ್ರಿಯೆಲ್ಲ ಆಟ ನಡೆಸಿದರು. ಮೇಳಗಳ ಜೊತೆ ಊರೂರು ತಿರುಗಿದರು. ಹೆಂಗಸರಿಗೆ ರಾತ್ರಿ ಪ್ರಯಾಣ ಆಗಲ್ಲ ಅನ್ನುವವರಿಗೆ ನಾನು ಇವರ ಹೆಸರು ಹೇಳುತ್ತೇನೆ.

ಕೈಯ ವಿಷಯ ಬೇಗ ಮುಗಿಸುತ್ತೇನೆ. ಬೆರಳು ನೋಯುತ್ತದೆ. ಶುರುವಿನಲ್ಲಿ ಊದಿಕೊಳ್ಳುತ್ತದೆ, ಬೊಬ್ಬೆಯೂ ಬರಬಹುದು. ಗಂಡುಮಕ್ಕಳಿಗೂ ಅಷ್ಟೇ. ತೋರುಬೆರಳ ತುದಿ ಸ್ವಲ್ಪ ಗಟ್ಟಿಯಾಗುತ್ತದೆ, ವೀಣೆಯಲ್ಲೂ ಎಡಗೈ ಬೆರಳಿಗೆ ತಂತಿಯ ಗೀರು ಬೀಳುತ್ತದೆ. ಹಾಗೆ ನೋಡಿದರೆ ವೀಣೆ ಬೆರಳನ್ನು ಇನ್ನೂ ಜಾಸ್ತಿ ಕೊಯ್ಯುತ್ತದೆ. ಒಂಬತ್ತು ವರ್ಷದ ಮಗುವಿಗೆ ಬೇಕಿರುವುದು ಕೈಗೆ ಸರಿಯಾದ ಅಳತೆಯ ಚಿಕ್ಕ ಮೃದಂಗ, ದಿನಕ್ಕೆ ಸ್ವಲ್ಪ ಹೊತ್ತಿನ ಅಭ್ಯಾಸ, ಬೆನ್ನು ನೆಟ್ಟಗೆ ಕೂರುವ ರೂಢಿ. ಬಾಯಲ್ಲಿ "ತ ದಿ ತೊಂ ನಂ" ಸ್ಪಷ್ಟವಾಗಿ ಹೇಳಿ, ಕೈಯಲ್ಲಿ ತಾಳ ಹಾಕಲು ಬಂದ ಮೇಲೆ ವಾದ್ಯ. ಜೋರಾಗಿ ಹೊಡೆಸುವ ಮೇಷ್ಟ್ರು ಸಿಕ್ಕರೆ ಹುಷಾರು. ನಾದ ಬರುವುದು ಬೆರಳು ಬಿದ್ದು ಏಳುವ ರೀತಿಯಿಂದ. ತೋಳ್ಬಲ ಅದಕ್ಕೆ ಬೇಕಾಗಿಲ್ಲ. ತಿಂಗಳ ಆ ದಿನಗಳಲ್ಲಿ ಮುಟ್ಟಬಾರದು ಅನ್ನುವ ಮಾತೂ ಮುಂದೆ ಬರುತ್ತದೆ. ನನ್ನ ಪಾಠದ ಕೋಣೆಯಲ್ಲಿ ಆ ನಿಯಮ ಇಲ್ಲ.

ಈಗ ನಿಜವಾದ ಪ್ರಶ್ನೆ. ಕಛೇರಿಗೆ ಯಾರು ಕರೀತಾರೆ?

ಪಕ್ಕವಾದ್ಯದವರು, ಅಂದರೆ ಹಾಡುವವರ ಜೊತೆ ನುಡಿಸುವವರು, ತಾವಾಗಿ ವೇದಿಕೆ ಹತ್ತುವ ಹಾಗಿಲ್ಲ. ಗಾಯಕರಿಗೆ ಸಭಾದ (ಕಛೇರಿ ಏರ್ಪಡಿಸುವ ಸಂಸ್ಥೆಯ) ಕಾರ್ಯದರ್ಶಿ ಫೋನ್ ಮಾಡುತ್ತಾರೆ. ಪಿಟೀಲು ಯಾರು, ಮೃದಂಗ ಯಾರು, ಘಟ, ಖಂಜಿರದಂಥ ಉಪಪಕ್ಕವಾದ್ಯ ಬೇಕಾ ಬೇಡವಾ ಅಂತ ಇಬ್ಬರೂ ಮಾತಾಡಿಕೊಳ್ಳುತ್ತಾರೆ. ನಮ್ಮ ಭವಿಷ್ಯ ಆ ಐದು ನಿಮಿಷದಲ್ಲಿ ಇರುತ್ತದೆ. ಅಲ್ಲಿ ಕೇಳಿಬರುವ ಮಾತುಗಳು ಹೀಗಿರುತ್ತವೆ: "ಹುಡುಗಿ ಚೆನ್ನಾಗಿ ನುಡಿಸ್ತಾಳೆ, ಆದ್ರೆ ತನಿಗೆ ಜೋರು ಸಾಲಲ್ಲ." (ತನಿ ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ.) "ಹೊರಗಡೆ ಊರು, ಇನ್ನೊಂದು ರೂಮು ಮಾಡಬೇಕು." "ಗಾಯಕರಿಗೆ ಅಭ್ಯಾಸ ಇಲ್ಲ." ನೇರವಾಗಿ "ಹೆಣ್ಣು, ಬೇಡ" ಅಂತ ಯಾರೂ ಹೇಳುವುದಿಲ್ಲ. ಒಂದು ಊರಿನ ಉತ್ಸವದಲ್ಲಿ ಆಹ್ವಾನ ಪತ್ರಿಕೆ ಅಚ್ಚಾದ ಮೇಲೆ ನನ್ನ ಹೆಸರಿನ ಜಾಗಕ್ಕೆ ಇನ್ನೊಬ್ಬರು ಬಂದರು. ಕಾರಣ ಕೇಳಿದೆ. "ಮೇಡಂ, ನಿಮ್ಮ ಬಗ್ಗೆ ಗೌರವ ಇದೆ, ಅವರಿಗೆ ಸ್ವಲ್ಪ ಮುಜುಗರ" ಅಂದರು. ಗೌರವ ಇಟ್ಟುಕೊಂಡೇ ಹೊರಗಿಡುವ ಕಲೆ ನಮ್ಮವರಿಗೆ ಚೆನ್ನಾಗಿ ಗೊತ್ತು.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಘಟ ಅಥವಾ ಖಂಜಿರ ನುಡಿಸುವ ಹೆಣ್ಣುಮಗಳಿಗೆ ಗಾಯಕರು ಒಪ್ಪಿದರೂ ಸಾಲದು, ಮೃದಂಗದವರೂ ಒಪ್ಪಬೇಕು. ತನಿ ಆವರ್ತನದಲ್ಲಿ ಅವರು ನುಡಿಸಿದ್ದಕ್ಕೆ ಇವಳು ಉತ್ತರ ಕೊಡುತ್ತಾಳೆ. ಕೊನೆಯ ಮೊಹರಾ, ಕೋರ್ವೆ ಅನ್ನುವ ಲೆಕ್ಕಾಚಾರದ ಮುಕ್ತಾಯಗಳನ್ನು ಇಬ್ಬರೂ ಒಟ್ಟಿಗೆ ನುಡಿಸಿ ಮುಗಿಸಬೇಕು. ಕೆಲವರಿಗೆ ಅದು ಇರುಸುಮುರುಸು. ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಅವರ ಕಥೆ ನಿಮ್ಮ ಮಗಳಿಗೆ ಹೇಳಿ. ಮದರಾಸಿನಲ್ಲಿ ಟಿ.ಆರ್. ಹರಿಹರ ಶರ್ಮ ಅವರ ಶಾಲೆಗೆ ಪಿಟೀಲು ಕಲಿಯಲು ಹೋದ ಹುಡುಗಿ. ಅಲ್ಲೇ ಕೇಳಿಸುತ್ತಿದ್ದ ಮೃದಂಗದ ಪಾಠದ ಕಡೆ ಮನಸ್ಸು ಹೋಯಿತು. ಅಲ್ಲಿಂದ ಘಟಕ್ಕೆ ಬಂದರು. ಮಣ್ಣಿನ ಘಟ ಹೆಣ್ಣಿನ ಕೈಗೆ ಕಷ್ಟ ಅಂತ ಘಟ ವಿದ್ವಾಂಸ ವಿಕ್ಕು ವಿನಾಯಕರಾಮ್ ಅವರಿಗೂ ಮೊದಲು ಅನುಮಾನ ಇತ್ತು. ಅವರ ತಂದೆ ಹರಿಹರ ಶರ್ಮ ಮಾತ್ರ ಪಾಠ ಹೇಳಿಯೇ ಹೇಳಿದರು. ತಮ್ಮ ಜೊತೆ ಕೂರಲು ಒಪ್ಪದ ಮೃದಂಗ ವಾದಕರಿದ್ದರು ಅಂತ ಸುಕನ್ಯಾ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಆಮೇಲೆ ಅವರು ಬೇರೆ ಬೇರೆ ಶ್ರುತಿಯ ಘಟಗಳನ್ನು ಸುತ್ತ ಇಟ್ಟುಕೊಂಡು ರಾಗ ನುಡಿಸುವ ಘಟತರಂಗವನ್ನು ಬೆಳೆಸಿದರು, "ಸ್ತ್ರೀ ತಾಳ ತರಂಗ" ಅನ್ನುವ ಹೆಂಗಸರ ತಂಡ ಕಟ್ಟಿದರು. ಸಂಗೀತ ನಾಟಕ ಅಕಾಡೆಮಿ ಪುರಸ್ಕಾರ ಅವರನ್ನು ಹುಡುಕಿಕೊಂಡು ಬಂತು. ವಿಜಯವಾಡದ ಮೃದಂಗ ವಾದಕಿ ನಿಡುಮೋಲು ಸುಮತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ತಬಲಾದಲ್ಲಿ ಮುಂಬೈನ ಆಬಾನ್ ಮಿಸ್ತ್ರಿ ಸೋಲೋ ನುಡಿಸಿ ದಾರಿ ಮಾಡಿದರು.

ಪಾಲ್ಘಾಟ್ ಮಣಿ ಅಯ್ಯರ್ ಅವರ ಮಾತು ಮತ್ತೆ ಬರುತ್ತದೆ. ಅವರು ಬಹಳ ವರ್ಷ ಹೆಂಗಸರ ಹಾಡಿಕೆಗೆ ಪಕ್ಕವಾದ್ಯ ನುಡಿಸುತ್ತಿರಲಿಲ್ಲ. ಕೊನೆಗೆ ಪಟ್ಟಮ್ಮಾಳ್ ಅವರಿಗೆ ನುಡಿಸಿದರು. ಅವರ ಮಗಳು ಪಟ್ಟಮ್ಮಾಳ್ ಅವರ ಮನೆಗೇ ಸೊಸೆಯಾಗಿ ಹೋದರು. ಇಂದಿನ ಗಾಯಕಿ ನಿತ್ಯಶ್ರೀ ಆ ಇಬ್ಬರಿಗೂ ಮೊಮ್ಮಗಳು. ಅಷ್ಟು ದೊಡ್ಡ ವಿದ್ವಾಂಸರ ನಿಯಮವೇ ಬದಲಾಯಿತು ಅಂದಮೇಲೆ, ನಿಮ್ಮೂರಿನ ಕಾರ್ಯದರ್ಶಿಯ ನಿಯಮ ಯಾವ ಲೆಕ್ಕ?

ನಮ್ಮವರೇ ಹೀಗೆ ಅಂತಲೂ ತಿಳಿಯಬೇಡಿ. ವಿಯೆನ್ನಾ ಫಿಲ್‌ಹಾರ್ಮೊನಿಕ್ ಜಗತ್ತಿನ ಅತಿ ಹೆಸರಾದ ವಾದ್ಯವೃಂದಗಳಲ್ಲಿ ಒಂದು. ಅಲ್ಲಿ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 1997ರಲ್ಲಿ. ಮೊದಲು ಸದಸ್ಯತ್ವ ಸಿಕ್ಕ ಹಾರ್ಪ್ ವಾದಕಿ ಅದಕ್ಕೂ ಮುಂಚೆ ಎಷ್ಟೋ ವರ್ಷ ಅದೇ ತಂಡದಲ್ಲಿ ನುಡಿಸುತ್ತಿದ್ದರು, ಸದಸ್ಯೆ ಅನ್ನಿಸಿಕೊಳ್ಳದೆ. ಅಮೆರಿಕದ ಬಾಸ್ಟನ್ ಸಿಂಫನಿ 1952ರಲ್ಲೇ ಪರದೆ ಹಿಂದೆ ಕೂರಿಸಿ ಪರೀಕ್ಷೆ ಮಾಡುವ ಪದ್ಧತಿ ತಂದಿತ್ತು. ಯಾರು ನುಡಿಸುತ್ತಿದ್ದಾರೆ ಅಂತ ಕಾಣದಿದ್ದರೆ ಕಿವಿ ಮಾತ್ರ ಕೆಲಸ ಮಾಡುತ್ತದೆ ಅಂತ.

ನಮ್ಮಲ್ಲಿ ಅದಕ್ಕೆ ಹತ್ತಿರ ಇರುವುದು ಆಕಾಶವಾಣಿಯ ಆಡಿಷನ್. ಅಲ್ಲಿ ಧ್ವನಿಮುದ್ರಿಕೆ ಕೇಳಿ ಗ್ರೇಡ್ ಕೊಡುತ್ತಾರೆ. ಬಿ, ಬಿ-ಹೈ, ಎ, ಎ-ಟಾಪ್. ನನ್ನ ವಿದ್ಯಾರ್ಥಿನಿಯರಿಗೆ ನಾನು ಮೊದಲು ಹೇಳುವುದೇ ಇದು: ವಯಸ್ಸು ಬಂದ ಕೂಡಲೇ ಗ್ರೇಡ್ ತಗೊಳ್ಳಿ. "ಹುಡುಗಿ ಹೇಗೋ ಏನೋ" ಅನ್ನುವ ಕಾರ್ಯದರ್ಶಿಯ ಬಾಯಿಗೆ ಅದೊಂದು ಬೀಗ. ಹಾಗೇ ಕರ್ನಾಟಕದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಲ್ಲಿ ತಾಳವಾದ್ಯ ವಿಭಾಗ ಇದೆ, ಕಟ್ಟಿಸಿ. ಪರೀಕ್ಷೆ ಪಾಸಾದವರೆಲ್ಲ ಕಛೇರಿ ನುಡಿಸಲ್ಲ ಅನ್ನುವುದು ನಿಜ. ಆದರೆ ಮುಂದೆ ಶಾಲೆಯಲ್ಲಿ ಪಾಠ ಹೇಳಲು, ಸಂಗೀತ ಕಾಲೇಜಿಗೆ ಸೇರಲು ಅದು ಬೇಕಾಗುತ್ತದೆ.

ಮಗಳು ಹಾಡಿಕೆ ಕಲಿಯುತ್ತಿದ್ದಳು ಅಂದಿರಿ. ಅದನ್ನು ಬಿಡಿಸಬೇಡಿ, ದಯವಿಟ್ಟು. ಇದು ನನ್ನ ಉತ್ತರದಲ್ಲಿ ಅತಿ ಮುಖ್ಯವಾದ ಸಲಹೆ. ಗಾಯಕರು ಪಕ್ಕವಾದ್ಯದವರಲ್ಲಿ ಹುಡುಕುವುದು ಕೃತಿ ಗೊತ್ತಿರುವವರನ್ನು. ಚರಣದಲ್ಲಿ ಎಲ್ಲಿ ಸಾಹಿತ್ಯ ಸಾಗುತ್ತದೆ, ಎಲ್ಲಿ ಬಿಡಬೇಕು, ಎಲ್ಲಿ ಎತ್ತಿ ಕೊಡಬೇಕು ಅಂತ ಹಾಡು ಬರುವವರಿಗೆ ತಿಳಿಯುತ್ತದೆ. ಲೆಕ್ಕಾಚಾರದ ಕೋರ್ವೆಗಳನ್ನು ಬಾಯಿಪಾಠ ಮಾಡಿ ಬರುವ ಹುಡುಗರು ಊರ ತುಂಬ ಇದ್ದಾರೆ. ಕೃತಿಗೆ ನುಡಿಸುವವರು ಕಡಿಮೆ. ಒಮ್ಮೆ ಹಾಡುಗಾರರಿಗೆ "ಇವಳು ಪಕ್ಕದಲ್ಲಿದ್ದರೆ ನಿರಾಳ" ಅನ್ನಿಸಿತೋ, ಮುಂದಿನ ಸಲ ಅವರೇ ಹೆಸರು ಹೇಳುತ್ತಾರೆ.

ಶ್ರುತಿಯ ವಿಷಯವೂ ಇದೆ. ಹೆಂಗಸರ ಹಾಡಿಕೆ ಸಾಮಾನ್ಯವಾಗಿ ಹೆಚ್ಚು ಶ್ರುತಿ, ಐದು, ಐದೂವರೆ ಮನೆ (ಶ್ರುತಿಯ ಎತ್ತರವನ್ನು ಮನೆ ಅಂತ ಎಣಿಸುತ್ತೇವೆ). ಗಂಡಸರದ್ದು ತಗ್ಗು, ಒಂದರಿಂದ ಎರಡು ಮನೆ. ಮೃದಂಗವೂ ಬೇರೆ ಬೇರೆ. ಹೆಚ್ಚು ಶ್ರುತಿಯದು ಗಿಡ್ಡ, ತಗ್ಗಿನದು ಉದ್ದ, ದಪ್ಪ, ಭಾರ. ಹುಡುಗಿಯರಿಗೆ ಗಾಯಕಿಯರ ಕಛೇರಿಯೇ ಜಾಸ್ತಿ ಬರುವುದರಿಂದ ಬರೀ ಗಿಡ್ಡ ಮೃದಂಗದಲ್ಲೇ ಬೆಳೆದುಬಿಡುತ್ತಾರೆ. ಒಂದು ದಿನ ಗಾಯಕರೊಬ್ಬರು ಕರೆದರೆ ತಗ್ಗು ಶ್ರುತಿಯ ವಾದ್ಯದ ಎಡಗಡೆ ಗುಮ್ಕಿ (ಎಡಗೈ ಒತ್ತಿ ಎಬ್ಬಿಸುವ ತುಂಬು ನಾದ) ಕೈಗೆ ಹತ್ತುವುದಿಲ್ಲ. "ನೋಡಿದ್ಯಾ, ಹೆಣ್ಣುಮಕ್ಕಳಿಗೆ ಆಗಲ್ಲ" ಅನ್ನಲು ಅಷ್ಟು ಸಾಕು. ಹದಿಮೂರು ಹದಿನಾಲ್ಕರ ಹೊತ್ತಿಗೆ ಎರಡರಲ್ಲೂ ಅಭ್ಯಾಸ ಇರಲಿ. ಎಡಗಡೆ ಮುಖಕ್ಕೆ ರವೆ ಕಲಸಿ ಅಂಟಿಸುವುದು, ಕಲ್ಲು-ಕಟ್ಟಿಗೆಯಲ್ಲಿ ತಟ್ಟಿ ಶ್ರುತಿ ಮಾಡುವುದು, ವಾದ್ಯ ತಾನೇ ಹೊರುವುದು, ಎಲ್ಲ ಮೊದಲಿಂದ ಅವಳೇ ಮಾಡಲಿ. ಅಪ್ಪನೋ ಅಣ್ಣನೋ ಶ್ರುತಿ ಮಾಡಿಕೊಟ್ಟು ಕೂರಿಸುವ ಹುಡುಗಿಯನ್ನು ವೇದಿಕೆ ಗಂಭೀರವಾಗಿ ತಗೊಳ್ಳಲ್ಲ.

ಮಾರ್ಚ್ 8 ಬಂದರೆ "ಮಹಿಳಾ ಲಯ ವೈಭವ" ತರಹದ ಹೆಸರಿಟ್ಟು ಎಲ್ಲರಿಗೂ ನಾವು ನೆನಪಾಗುತ್ತೇವೆ. ಆ ಅವಕಾಶ ಬಿಡಬೇಡಿ, ವೇದಿಕೆ ವೇದಿಕೆಯೇ. ಆದರೆ ವರ್ಷಪೂರ್ತಿ ಅದಷ್ಟೇ ಆದರೆ ಅದು ಮೀಸಲು ಬೋಗಿ. ರಾಮನವಮಿ ಕಛೇರಿಗಳಲ್ಲಿ, ಗಣೇಶನ ಪೆಂಡಾಲಿನಲ್ಲಿ, ಮಾಮೂಲಿ ಗಾಯಕರ ಪಕ್ಕ, ಮಾಮೂಲಿ ಮಂಗಳವಾರ ಸಂಜೆ ಅವಳ ಹೆಸರು ಬರಬೇಕು. ಹಾಗೆ ಹೆಸರು ಬರುವ ಹುಡುಗಿಯರು ಬೆಂಗಳೂರು, ಮೈಸೂರಿನಲ್ಲಿ ಈಗ ಇದ್ದಾರೆ. ನಾನು ಕಲಿಯುವಾಗ ಇಷ್ಟು ಜನ ಇರಲಿಲ್ಲ.

ಮೇಷ್ಟ್ರ ಆಯ್ಕೆ ಬಗ್ಗೆ. "ಕಲಿಸ್ತೀನಿ" ಅಂದ ಮಾತ್ರಕ್ಕೆ ಸಾಲದು. "ನಿಮ್ಮ ಹತ್ತಿರ ಕಲಿತ ಹೆಣ್ಣುಮಕ್ಕಳಲ್ಲಿ ಯಾರನ್ನು ವೇದಿಕೆಗೆ ಕರೆದೊಯ್ದಿದ್ದೀರಿ?" ಅಂತ ಕೇಳಿ. ಗುರು ತಮ್ಮ ಕಛೇರಿಗೆ ಶಿಷ್ಯನನ್ನು ಹಿಂದೆ ಕೂರಿಸಿಕೊಳ್ಳುತ್ತಾರೆ, ತಮಗೆ ಪುರುಸೊತ್ತಿಲ್ಲದ ಕಛೇರಿಗೆ ಅವನನ್ನು ಕಳಿಸುತ್ತಾರೆ. ಹುಡುಗರು ಹೀಗೇ ಬೆಳೆಯುತ್ತಾರೆ. ಹುಡುಗಿಯರಿಗೆ ತಪ್ಪಿಹೋಗುವುದು ಈ ಮೆಟ್ಟಿಲು. ನಿಮ್ಮ ಮೇಷ್ಟ್ರು ಆ ಮೆಟ್ಟಿಲು ಕೊಡಲು ಸಿದ್ಧರಿದ್ದರೆ ಅವರ ಹತ್ತಿರವೇ ಕಲಿಸಿ, ಬಾಯಿ ಒರಟಾದರೂ ಪರವಾಗಿಲ್ಲ. ಇಲ್ಲದಿದ್ದರೆ ಮೊದಲ ಮೂರ್ನಾಲ್ಕು ವರ್ಷ ಅಲ್ಲಿ ಪಾಠ ಮಾಡಿಸಿ, ಆಮೇಲೆ ಬೇರೆಯವರನ್ನು ನೋಡಿ.

ನೀವು ಕೇಳದೆ ಬಿಟ್ಟ ಒಂದು ವಿಷಯ ನಾನೇ ಎತ್ತುತ್ತೇನೆ. 2018ರಲ್ಲಿ ಕರ್ನಾಟಕ ಸಂಗೀತದ ಗುರುಗಳ, ಕಲಾವಿದರ ಮೇಲೆ ಲೈಂಗಿಕ ಕಿರುಕುಳದ ಆರೋಪಗಳು ಬಹಿರಂಗವಾಗಿ ಬಂದವು. ಆ ವರ್ಷ ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಡಿಸೆಂಬರ್ ಕಛೇರಿಗಳಿಂದ ಏಳು ಕಲಾವಿದರನ್ನು ಕೈಬಿಟ್ಟಿತು. ಗುರು ಅಂದರೆ ದೇವರು ಅನ್ನುವ ಭಾವನೆಯ ಮರೆಯಲ್ಲಿ ಏನೇನೋ ನಡೆಯುತ್ತದೆ. ಪಾಠದ ಹೊತ್ತಲ್ಲಿ ಬಾಗಿಲು ತೆರೆದಿರಲಿ, ಮನೆಯವರು ಯಾರಾದರೂ ಕೂರಲಿ. ಇದಕ್ಕೆ ಒಪ್ಪದವರು ಎಷ್ಟೇ ದೊಡ್ಡ ವಿದ್ವಾಂಸರಾಗಲಿ, ಬೇಡ. ಕೈಯ ಸ್ಥಾನ ತಿದ್ದಲು ಮೇಷ್ಟ್ರು ಬೆರಳು ಮುಟ್ಟಬೇಕಾಗುತ್ತದೆ, ಅದು ಪಾಠ. ಯಾವುದು ಪಾಠ, ಯಾವುದು ಅಲ್ಲ ಅಂತ ಮಗಳಿಗೆ ಸರಳವಾಗಿ ಹೇಳಿಕೊಡಿ. "ಅಮ್ಮನ ಹತ್ತಿರ ಏನು ಬೇಕಾದರೂ ಹೇಳಬಹುದು" ಅನ್ನುವ ಧೈರ್ಯ ಅವಳಿಗಿರಲಿ.

ದುಡ್ಡಿನ ಮಾತನ್ನೂ ಮುಚ್ಚಿಡಲ್ಲ. ಪಕ್ಕವಾದ್ಯದ ಸಂಭಾವನೆ ಮುಖ್ಯ ಕಲಾವಿದರಿಗಿಂತ ಕಡಿಮೆ, ಗಂಡಾದರೂ ಹೆಣ್ಣಾದರೂ. ಇದೊಂದರಿಂದಲೇ ಸಂಸಾರ ನಡೆಸುವವರು ಕೆಲವೇ ಮಂದಿ. ಓದು, ಕೆಲಸದ ಜೊತೆಗೆ ಇದು ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಂಡಿದ್ದರೆ ಮುಂದೆ ಮನಸ್ತಾಪ ಬರುವುದಿಲ್ಲ. ಹುಡುಗಿಯರು ಈ ದಾರಿಯಲ್ಲಿ ನಿಂತುಹೋಗುವುದು ಹೆಚ್ಚಾಗಿ ಮದುವೆಯ ಹೊತ್ತಿಗೆ. ಆ ಮಾತಿಗೆ ಇನ್ನೂ ಬಹಳ ಕಾಲ ಇದೆ, ಈಗಲೇ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಹಳೇ ಮೃದಂಗ. ಕೊಳ್ಳಬಹುದು, ಆದರೆ ಒಬ್ಬರೇ ಹೋಗಬೇಡಿ, ನುಡಿಸಲು ಬರುವವರನ್ನು ಕರೆದುಕೊಂಡು ಹೋಗಿ. ಮರದಲ್ಲಿ ಸಣ್ಣ ಬಿರುಕೂ ಇರಬಾರದು, ಹುಳು ಹಿಡಿದಿರಬಾರದು. ಮುಖದ ಚರ್ಮ ಹೋಗಿದ್ದರೆ ಚಿಂತೆ ಇಲ್ಲ, ಅದನ್ನು ಹೇಗೂ ಆಗಾಗ ಬದಲಾಯಿಸಬೇಕು. ಬಾರು ಒಣಗಿ ಗಡುಸಾಗಿದ್ದರೆ ಅದರ ಖರ್ಚನ್ನೂ ಲೆಕ್ಕಕ್ಕೆ ಹಿಡಿದು ಚೌಕಾಸಿ ಮಾಡಿ. ಸಿಂಥೆಟಿಕ್ ಮುಖದ, ಫೈಬರ್ ಮೈಯ ಮೃದಂಗಗಳೂ ಈಗ ಸಿಗುತ್ತವೆ. ಹಗುರ, ಮಳೆಗಾಲದಲ್ಲಿ ಶ್ರುತಿ ಇಳಿಯುವ ರಗಳೆ ಕಡಿಮೆ. ಮನೆಯ ಅಭ್ಯಾಸಕ್ಕೆ ಪರವಾಗಿಲ್ಲ, ಪಾಠಕ್ಕೆ ಮಾತ್ರ ಚರ್ಮದ್ದೇ ಇರಲಿ. ರಿಪೇರಿಗೆ ಕೊಡುವಾಗ ಮಗಳನ್ನೂ ಕರೆದುಕೊಂಡು ಹೋಗಿ, ಮುಖ ಕಟ್ಟುವುದನ್ನು ಅವಳು ಕೂತು ನೋಡಲಿ. ಕೆಲಸ ಮಾಡುವವರ ಹೆಸರು ಕೇಳಿ ತಿಳಿದುಕೊಳ್ಳಲಿ. ಅವರು ಹೇಳಿದ ಕೂಲಿ ಕೊಟ್ಟುಬಿಡಿ, ಅಲ್ಲಿ ಚೌಕಾಸಿ ಬೇಡ.